ಬ್ರೋಕರ್ ಯಾರ ಕಡೆಯವರು? ಆಸ್ತಿ ದಲ್ಲಾಳಿಗಳ ಹೊಣೆ ಮತ್ತು ನಮಗಿರುವ ಕಾನೂನಿನ ದಾರಿ

(ಮೈಸೂರಿನಲ್ಲಿ ಮನೆ, ಸೈಟು ಕೊಳ್ಳಲು ಹೊರಟವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಒಂದಲ್ಲ ಒಂದು ಸಲ ಬ್ರೋಕರ್ ಮೂಲಕ ವ್ಯವಹಾರ ಮಾಡಿದ್ದೀರಿ. ಬಾಡಿಗೆ ಮನೆಗೋ, ಸೈಟಿಗೋ, ಊರಿನ ಜಮೀನು ಮಾರುವುದಕ್ಕೋ. ಆಗ ಅವರನ್ನು ಎಷ್ಟೋ ಪ್ರಶ್ನೆ ಕೇಳಿರುತ್ತೀರಿ. ರೇಟು ಎಷ್ಟು, ನೀರು ಹೇಗೆ, ಖಾತೆ ಆಗಿದೆಯಾ, ಬ್ಯಾಂಕ್ ಲೋನ್ ಸಿಗುತ್ತಾ. ಆದರೆ "ನೀವು ಯಾರ ಕಡೆಯವರು?" ಅಂತ ಕೇಳಿದವರು ತುಂಬಾ ಕಡಿಮೆ. ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಬ್ರೋಕರ್ ನಿಮಗೆ ಏನು ಹೊಣೆ ಅನ್ನುವುದು, ಅವರು ತಪ್ಪಿದರೆ ನೀವು ಯಾವ ಬಾಗಿಲು ತಟ್ಟಬೇಕು ಅನ್ನುವುದು, ಎರಡೂ ಇದರ ಉತ್ತರದಿಂದ ತೀರ್ಮಾನವಾಗುತ್ತವೆ.

ನಮ್ಮಲ್ಲಿ ಬ್ರೋಕರ್ ಅಂದರೆ ಮದುವೆ ಮಾತುಕತೆ ನಡೆಸುವ ಹಿರಿಯರ ಹಾಗೆ, ಎರಡೂ ಮನೆಗೆ ಬೇಕಾದವರು ಅಂತ ಒಂದು ನಂಬಿಕೆ ಇದೆ. ಕಾನೂನು ಹಾಗೆ ನೋಡುವುದಿಲ್ಲ. ಯಾರು ಕೆಲಸ ಒಪ್ಪಿಸಿದರೋ ಅವರಿಗೆ ಬ್ರೋಕರ್ ಏಜೆಂಟ್. ಒಪ್ಪಿಸಿದವರು ಮಾಲೀಕರ ಸ್ಥಾನದಲ್ಲಿರುತ್ತಾರೆ. ಈ ಸಂಬಂಧ ಹುಟ್ಟುವುದಕ್ಕೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ. ಬಾಯಿಮಾತಿನಲ್ಲೂ ಹುಟ್ಟುತ್ತದೆ. "ನಮ್ಮ ಮನೆ ಮಾರಿಕೊಡಿ, ಎರಡು ಪರ್ಸೆಂಟ್ ಕೊಡುತ್ತೇನೆ" ಅಂತ ನೀವು ಹೇಳಿ, ಅವರು "ಆಯ್ತು ಸಾರ್" ಅಂದರೆ ಸಾಕು.

ಇದು ಹೊಸ ಕಾನೂನಲ್ಲ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ಅದರ 182ನೇ ಸೆಕ್ಷನ್‌ನಿಂದ 238ರವರೆಗೆ ಪೂರ್ತಿ ಏಜೆಂಟರ ವಿಷಯವೇ. ರೇರಾ, ಅಂದರೆ ಮನೆ, ಸೈಟಿನ ಪ್ರಾಜೆಕ್ಟುಗಳನ್ನು ನಿಯಂತ್ರಿಸುವ ಕಾಯ್ದೆ, ಬಂದ ಮೇಲೆ ಎಲ್ಲರೂ ಅದನ್ನೇ ಮಾತಾಡುತ್ತಾರೆ, ಈ ಹಳೇ ಕಾಯ್ದೆ ಮರೆತೇ ಹೋಗಿದೆ. ನನಗೆ ಇದೇ ಹೆಚ್ಚು ಗಟ್ಟಿ ಅನಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಅದು ಏನು ಹೇಳುತ್ತದೆ ನೋಡೋಣ. ನೀವು ಹೇಳಿದ ಹಾಗೆ ಏಜೆಂಟ್ ನಡೆದುಕೊಳ್ಳಬೇಕು. ಆ ಕಸುಬಿನವರಲ್ಲಿ ಸಾಮಾನ್ಯವಾಗಿ ಇರುವಷ್ಟು ತಿಳಿವಳಿಕೆ, ಎಚ್ಚರಿಕೆ ಇಟ್ಟು ಕೆಲಸ ಮಾಡಬೇಕು. ಅವರ ಅಜಾಗರೂಕತೆಯಿಂದ ನೇರವಾಗಿ ನಷ್ಟ ಆದರೆ ತುಂಬಿಕೊಡಬೇಕು. ಕೇಳಿದಾಗ ಲೆಕ್ಕ ಕೊಡಬೇಕು. ಕಷ್ಟದ ಸಂದರ್ಭ ಬಂದರೆ ನಿಮಗೆ ತಿಳಿಸಿ, ನಿಮ್ಮ ಅಭಿಪ್ರಾಯ ಪಡೆಯಲು ಪ್ರಯತ್ನಿಸಬೇಕು. ನಿಮ್ಮ ಪರವಾಗಿ ಪಡೆದ ಹಣವನ್ನು ನಿಮಗೆ ತಲುಪಿಸಬೇಕು.

215 ಮತ್ತು 216ನೇ ಸೆಕ್ಷನ್‌ಗಳ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಆ ಕಾಯ್ದೆಯಲ್ಲಿ ಸೆಕ್ಷನ್ ಕೆಳಗೆ ಚಿಕ್ಕ ಚಿಕ್ಕ ಉದಾಹರಣೆ ಕೊಟ್ಟಿದ್ದಾರೆ. 215ರ ಕೆಳಗಿರುವುದು ಹೀಗಿದೆ. ಒಬ್ಬರು ತಮ್ಮ ಆಸ್ತಿ ಮಾರಲು ಏಜೆಂಟರಿಗೆ ಹೇಳುತ್ತಾರೆ. ಏಜೆಂಟ್ ಇನ್ನೊಬ್ಬರ ಹೆಸರಲ್ಲಿ ಅದನ್ನು ತಾನೇ ಕೊಂಡುಬಿಡುತ್ತಾನೆ. ಗೊತ್ತಾದ ಮೇಲೆ ಮಾಲೀಕರು ಆ ಮಾರಾಟವನ್ನು ತಳ್ಳಿಹಾಕಬಹುದು. ಆದರೆ ಏಜೆಂಟ್ ಮುಖ್ಯ ವಿಷಯವನ್ನು ಅಪ್ರಾಮಾಣಿಕವಾಗಿ ಮುಚ್ಚಿಟ್ಟಿದ್ದ ಅಂತಲೋ, ಆ ಮಾರಾಟದಿಂದ ತಮಗೆ ನಷ್ಟ ಆಯಿತು ಅಂತಲೋ ತೋರಿಸಬೇಕು. 216ರದ್ದು ಇದರ ಉಲ್ಟಾ. ಒಂದು ಮನೆ ಕೊಡಿಸು ಅಂತ ಹೇಳಿದ್ದಾರೆ. ಏಜೆಂಟ್ ಬಂದು "ಅದು ಆಗಲ್ಲ, ಅವರು ಕೊಡಲ್ಲ" ಅಂತ ಹೇಳಿ, ಹೋಗಿ ತಾನೇ ಕೊಂಡುಕೊಳ್ಳುತ್ತಾನೆ. ಆಗ ಅವನು ಕೊಂಡ ಬೆಲೆಗೇ ತಮಗೆ ಮಾರಬೇಕು ಅಂತ ಕೆಲಸ ಒಪ್ಪಿಸಿದವರು ಪಟ್ಟು ಹಿಡಿಯಬಹುದು. ಇವತ್ತು ನಮ್ಮೂರಿನ ಸುತ್ತ ನಡೆಯುತ್ತಿರುವುದನ್ನು ಅವತ್ತೇ ಬರೆದಿಟ್ಟ ಹಾಗಿದೆ, ಅಲ್ವಾ?

ವಯಸ್ಸಾದ ತಂದೆ ತಾಯಿ ಹಳ್ಳಿಯ ಜಮೀನು ಮಾರಲು ಹೊರಟಾಗ ಇದು ಜಾಸ್ತಿ ಆಗುತ್ತದೆ. "ಎಕರೆಗೆ ಇಷ್ಟೇ ಬರೋದು ಯಜಮಾನ್ರೇ, ಪಾರ್ಟಿ ಇದಕ್ಕಿಂತ ಮೇಲೆ ಬರಲ್ಲ" ಅಂತ ಹೇಳಿ, ತಮ್ಮ ಬಾವಮೈದುನನ ಹೆಸರಿಗೆ ಅಗ್ರಿಮೆಂಟ್ ಮಾಡಿಸಿಕೊಳ್ಳುತ್ತಾರೆ. ಕೆಲವೇ ವಾರದಲ್ಲಿ ಅದೇ ಜಮೀನು ಲೇಔಟ್ ಮಾಡುವವರಿಗೆ ಹೋಗುತ್ತದೆ. ನಡುವಿನ ಲಾಭ ಬ್ರೋಕರ್ ಪಾಲು. ಇದನ್ನು ಜಾಣತನ ಅಂತ ಊರವರು ಅನ್ನಬಹುದು. ಕಾನೂನಿನ ಪ್ರಕಾರ ಆ ಲಾಭವನ್ನು ಕೇಳುವ ಹಕ್ಕು ಮಾರಿದವರಿಗೆ ಇದೆ. ಜೊತೆಗೆ 220ನೇ ಸೆಕ್ಷನ್ ಇದೆ. ದುರ್ನಡತೆ ತೋರಿದ ಏಜೆಂಟರಿಗೆ ಆ ಕೆಲಸದ ಮಟ್ಟಿಗೆ ಕಮಿಷನ್ ಕೇಳುವ ಹಕ್ಕೇ ಇಲ್ಲ.

ಈಗ ರೇರಾ. ಇದು 2016ರ ಕಾಯ್ದೆ, ಪೂರ್ತಿಯಾಗಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಅದೇ ವರ್ಷ ಜುಲೈನಲ್ಲಿ ಬಂದವು. 500 ಚದರ ಮೀಟರಿಗಿಂತ ಜಾಸ್ತಿ ಜಾಗದ, ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ಪ್ರಾಜೆಕ್ಟ್ ಅಂದರೆ ಸಾಮಾನ್ಯವಾಗಿ ನೋಂದಣಿ ಆಗಲೇಬೇಕು. ಅಂಥ ಪ್ರಾಜೆಕ್ಟಿನಲ್ಲಿ ಸೈಟು, ಫ್ಲ್ಯಾಟು ಮಾರಿಸಿಕೊಡುವ ಏಜೆಂಟೂ ನೋಂದಣಿ ಮಾಡಿಸಬೇಕು. ಬ್ರೋಕರ್, ದಲ್ಲಾಳಿ, ಚಾನೆಲ್ ಪಾರ್ಟ್ನರ್, ಕನ್ಸಲ್ಟೆಂಟ್, ಹೆಸರು ಏನೇ ಇಟ್ಟುಕೊಳ್ಳಲಿ. ಕಮಿಷನ್ ತೆಗೆದುಕೊಂಡು ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸಿದರೆ ಅವರು ಏಜೆಂಟೇ. ವಾಟ್ಸಾಪ್ ಗ್ರೂಪಿನ ಮೂಲಕ ಮಾಡಿಸಿದರೂ ಅಷ್ಟೆ. ನಮ್ಮ ರಾಜ್ಯದಲ್ಲಿ ಒಬ್ಬ ವ್ಯಕ್ತಿಗೆ ಈ ನೋಂದಣಿ ಐದು ವರ್ಷ ನಡೆಯುತ್ತದೆ.

ನೋಂದಣಿ ಸಂಖ್ಯೆ ನೋಡುವುದನ್ನು ಕಲಿಯಿರಿ. ಕರ್ನಾಟಕದ ಸಂಖ್ಯೆ ಉದ್ದವಾಗಿರುತ್ತದೆ, ಪಿಆರ್‌ಎಂ, ಕೆಎ, ರೇರಾ ಅಂತ ಶುರುವಾಗಿ ಓರೆಗೆರೆಗಳ ನಡುವೆ ಅಂಕಿಗಳು ಬರುತ್ತವೆ. ಮಧ್ಯದಲ್ಲಿ ಎರಡು ಅಕ್ಷರ ಇರುತ್ತದೆ, ಅದನ್ನು ನೋಡಿ. ಪಿಆರ್ ಅಂತ ಇದ್ದರೆ ಅದು ಪ್ರಾಜೆಕ್ಟಿನ ಸಂಖ್ಯೆ. ಎಜಿ ಅಂತ ಇದ್ದರೆ ಏಜೆಂಟರದು. ಎಷ್ಟೋ ಬ್ರೋಕರ್‌ಗಳು ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಪ್ರಾಜೆಕ್ಟಿನ ಸಂಖ್ಯೆ ಹಾಕಿಕೊಂಡು "ನಾವು ರೇರಾ ಅಪ್ರೂವ್ಡ್" ಅನ್ನುತ್ತಾರೆ. ಅದು ಅವರ ಸಂಖ್ಯೆ ಅಲ್ಲ. ಎರಡನ್ನೂ ಕೇಳಿ, ಎರಡನ್ನೂ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಹೆಸರು, ವಿಳಾಸ, ಅವಧಿ ಎಲ್ಲ ಅಲ್ಲೇ ಸಿಗುತ್ತದೆ.

ಕಾಯ್ದೆಯ 10ನೇ ಸೆಕ್ಷನ್ ಏಜೆಂಟರ ಕರ್ತವ್ಯ ಹೇಳುತ್ತದೆ. ನೋಂದಣಿ ಆಗಬೇಕಾದ ಪ್ರಾಜೆಕ್ಟ್ ನೋಂದಣಿ ಆಗದೆ ಅದರಲ್ಲಿ ಮಾರಾಟ ಮಾಡಿಸುವಂತಿಲ್ಲ. ಲೆಕ್ಕಪತ್ರ, ದಾಖಲೆ ಇಟ್ಟುಕೊಳ್ಳಬೇಕು. ಇಲ್ಲದ ಅನುಮತಿ ಇದೆ ಅಂತ, ಇಲ್ಲದ ಸೌಲಭ್ಯ ಬರುತ್ತದೆ ಅಂತ ಬಾಯಲ್ಲೂ ಹೇಳುವಂತಿಲ್ಲ, ಬರಹದಲ್ಲೂ ಕೊಡುವಂತಿಲ್ಲ. ಬುಕಿಂಗ್ ಸಮಯದಲ್ಲಿ ನೀವು ಪಡೆಯಬೇಕಾದ ಎಲ್ಲ ಮಾಹಿತಿ, ಕಾಗದ ನಿಮ್ಮ ಕೈ ಸೇರುವ ಹಾಗೆ ನೋಡಿಕೊಳ್ಳಬೇಕು. ಈ ಕೊನೆಯದು ದೊಡ್ಡ ಮಾತು. "ಅದೆಲ್ಲ ಬಿಲ್ಡರ್ ಆಫೀಸಲ್ಲಿ ಕೇಳಿ ಮೇಡಂ, ನಮಗೆ ಗೊತ್ತಿಲ್ಲ" ಅನ್ನುವ ಹಾಗಿಲ್ಲ.

ಪ್ರೀ-ಲಾಂಚ್ ಬಗ್ಗೆ ಒಂದು ಮಾತು. "ರೇರಾ ಇನ್ನೇನು ಬಂದುಬಿಡುತ್ತೆ, ಈಗ ಬುಕ್ ಮಾಡಿದರೆ ಚದರಡಿಗೆ ಇಷ್ಟು ಕಡಿಮೆ" ಅಂತ ಫೋನ್ ಬರುತ್ತದಲ್ಲ, ಅದು ಸುಮ್ನೆ ಆಫರ್ ಅಲ್ಲ. ನೋಂದಣಿ ಆಗಬೇಕಾದ ಪ್ರಾಜೆಕ್ಟನ್ನು ನೋಂದಣಿಗೆ ಮೊದಲೇ ಜಾಹೀರಾತು ಮಾಡುವುದು, ಬುಕ್ ಮಾಡಿಸುವುದು ಬಿಲ್ಡರ್‌ಗೆ ನಿಷಿದ್ಧ. ಅದಕ್ಕೆ ಜನ ತರುವುದು ಏಜೆಂಟರಿಗೂ ನಿಷಿದ್ಧ. ನೋಂದಣಿ ಆದ ಮೇಲೂ ಬೆಲೆಯ ಶೇ 10ಕ್ಕಿಂತ ಜಾಸ್ತಿ ಹಣ ಪಡೆಯಬೇಕಾದರೆ ಮೊದಲು ಮಾರಾಟ ಕರಾರು ಮಾಡಿ ಅದನ್ನು ರಿಜಿಸ್ಟರ್ ಮಾಡಿಸಬೇಕು.

ಏಜೆಂಟ್ ಇದನ್ನೆಲ್ಲ ಮುರಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಬೆಳೆದು ಆ ಸೈಟು ಅಥವಾ ಫ್ಲ್ಯಾಟಿನ ಬೆಲೆಯ ಶೇ 5ರವರೆಗೆ ಹೋಗಬಹುದು. ನೋಂದಣಿಯನ್ನೂ ರದ್ದು ಮಾಡಬಹುದು. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಹೋಗುವುದು ಸರ್ಕಾರದ ಖಾತೆಗೆ, ನಿಮ್ಮ ಜೇಬಿಗಲ್ಲ. ರೇರಾದಲ್ಲಿ ಪರಿಹಾರದ ಹಣ ಅಂತ ವಿವರವಾಗಿ ಬರೆದಿರುವುದು ಬಿಲ್ಡರ್ ಮೇಲೆ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದರೆ, ಸಮಯಕ್ಕೆ ಮನೆ ಕೊಡದಿದ್ದರೆ, ಹಕ್ಕುಪತ್ರದಲ್ಲೇ ದೋಷ ಇದ್ದರೆ ಬಡ್ಡಿ ಸಮೇತ ಅವರಿಂದ ಕೇಳಬಹುದು. ಏಜೆಂಟರಿಂದ ನಿಮಗೆ ಪರಿಹಾರ ಕೊಡಿಸುವ ವಿಷಯದಲ್ಲಿ ಆ ಕಾಯ್ದೆ ಅಷ್ಟು ಸ್ಪಷ್ಟವಾಗಿಲ್ಲ. ಇನ್ನೊಂದು ಕೊರತೆ ಇದೆ. ಹಳೇ ಮನೆಯ ಮರುಮಾರಾಟ, ಒಂಟಿ ಸೈಟು, ಕೃಷಿ ಜಮೀನು, ಬಾಡಿಗೆ, ಇವಕ್ಕೆ ರೇರಾ ಅನ್ವಯಿಸುವುದು ಕಷ್ಟ. ಅಲ್ಲೆಲ್ಲ ನಿಮ್ಮ ಕೈ ಹಿಡಿಯುವುದು 1872ರ ಕಾಯ್ದೆಯೇ. ಅದು ಗಟ್ಟಿ ಅಂದದ್ದು ಇದಕ್ಕೆ.

ಮತ್ತೆ ಮೊದಲ ಪ್ರಶ್ನೆಗೆ ಬರೋಣ. ಯಾರ ಕಡೆಯವರು? "ನಿಮ್ಮಿಂದ ಒಂದು ರೂಪಾಯಿ ಕಮಿಷನ್ ಬೇಡ" ಅಂತ ಹೇಳುವ ಏಜೆಂಟ್ ಸಾಮಾನ್ಯವಾಗಿ ಬಿಲ್ಡರ್ ಕಡೆಯವರು. ಅವರಿಗೆ ಕೊಡುವವರು ಬಿಲ್ಡರ್. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ನಿಮಗಾಗಿ ಬೆಲೆ ಇಳಿಸುತ್ತಾರೆ, ನಿಮ್ಮ ಪರವಾಗಿ ಕಾಗದ ಪರೀಕ್ಷೆ ಮಾಡುತ್ತಾರೆ ಅಂತ ನಂಬಬೇಡಿ. ಇದರಲ್ಲಿ ನಿಮಗೆ ಒಂದು ಅನುಕೂಲವೂ ಇದೆ. ಕರಾರು ಕಾಯ್ದೆಯ 238ನೇ ಸೆಕ್ಷನ್ ಪ್ರಕಾರ, ಏಜೆಂಟ್ ತನ್ನ ಕೆಲಸದ ಭಾಗವಾಗಿ ಸುಳ್ಳು ಹೇಳಿದರೆ, ಮೋಸ ಮಾಡಿದರೆ, ಅದು ಕೆಲಸ ಒಪ್ಪಿಸಿದವರೇ ಮಾಡಿದ ಹಾಗೆ. ಅಂದರೆ "ಅದು ಏಜೆಂಟ್ ಹೇಳಿದ್ದು, ನಾವು ಹೇಳಿಲ್ಲ" ಅಂತ ಬಿಲ್ಡರ್ ಸುಲಭವಾಗಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಏಜೆಂಟ್ ಕಳಿಸಿದ ಬ್ರೋಷರ್, ವಾಟ್ಸಾಪ್ ಮೆಸೇಜು, ಧ್ವನಿ ಸಂದೇಶ ಯಾವುದನ್ನೂ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಆ ಫೋನನ್ನೂ ಉಳಿಸಿಕೊಂಡರೆ ಒಳ್ಳೆಯದು.

ಎರಡೂ ಕಡೆ ಕಮಿಷನ್ ಪಡೆಯುವವರು ಇದ್ದಾರೆ. ಎರಡೂ ಕಡೆಯವರಿಗೆ ಮೊದಲೇ ಗೊತ್ತಿದ್ದು ಒಪ್ಪಿದ್ದರೆ ಸರಿ. ಗೊತ್ತಿಲ್ಲದ ಹಾಗೆ ಮಾಡಿದರೆ ಅದು ನಂಬಿಕೆ ದ್ರೋಹ. ನೀವು ಕೊಡಬಹುದಾದ ಗರಿಷ್ಠ ಬೆಲೆ ಎಷ್ಟು ಅಂತ ಅವರಿಗೆ ಗೊತ್ತು. ಅದನ್ನು ಆಚೆ ಕಡೆಗೆ ಹೇಳಿಬಿಟ್ಟರೆ ಚೌಕಾಸಿ ಮಾಡಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ.

ಮುಚ್ಚಿಡುವುದರ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ರಾಜ್ಯದಲ್ಲಿ ಪಿಟಿಸಿಎಲ್ ಅಂತ 1978ರ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ಉಳಿಯುವುದಿಲ್ಲ. ಜಮೀನು ಮಂಜೂರಾದ ಕುಟುಂಬಕ್ಕೆ ವಾಪಸ್ ಹೋಗುತ್ತದೆ. 2023ರ ತಿದ್ದುಪಡಿ ಆದ ಮೇಲೆ, ಇಷ್ಟು ವರ್ಷದ ಒಳಗೇ ಕೇಳಬೇಕು ಅನ್ನುವ ಕಾಲಮಿತಿ ಕಾಯ್ದೆಯಲ್ಲಿ ಇಲ್ಲ. ಆ ಕುಟುಂಬಗಳಿಗೆ ಈ ರಕ್ಷಣೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಬ್ರೋಕರ್ ಮೇಲೆ. ಒಂದು ಸರ್ವೆ ನಂಬರ್ ಗ್ರ್ಯಾಂಟ್ ಜಮೀನು ಅಂತ ಆ ಊರಿನ ಬ್ರೋಕರ್‌ಗೆ ಗೊತ್ತಿರುತ್ತದೆ. ಟೀ ಅಂಗಡಿಯವರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದೆ ಇರುವವರು ಬೆಂಗಳೂರಿನಿಂದ ಬಂದು ಹಣ ಕೊಡುವವರು ಮಾತ್ರ. ಗೊತ್ತಿದ್ದೂ ಮರೆಮಾಚಿ ಕ್ರಯ ಮಾಡಿಸಿದರೆ ಅದು ಅಜಾಗರೂಕತೆ ಅಲ್ಲ, ವಂಚನೆ. ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಮೇಲೆ ಸೈಟು ಕೊಡಿಸುವವರ ಕಥೆಯೂ ಹೀಗೆಯೇ. ಜಿಪಿಎ, ಅಗ್ರಿಮೆಂಟು ಸೇರಿಸಿ ಕೊಟ್ಟರೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇನ್ನೂ ಅದೇ ವ್ಯಾಪಾರ ನಡೆಯುತ್ತಿದೆ.

ಟೋಕನ್ ವಿಷಯ. ನನ್ನ ಹತ್ತಿರ ಬಂದ ಒಬ್ಬ ನಿವೃತ್ತ ಶಿಕ್ಷಕಿಯ ಕೈಯಲ್ಲಿ ಒಂದು ಚೀಟಿ ಇತ್ತು. ಕ್ಯಾಲೆಂಡರ್ ಹಾಳೆಯ ಹಿಂಬದಿ. "ಸೈಟ್ ಬಾಬ್ತು ಎರಡು ಲಕ್ಷ ಮುಟ್ಟಿದೆ" ಅಂತ ಬರೆದು ಕೆಳಗೆ ಒಂದು ಗೀಚು ಸಹಿ. ಕೊಟ್ಟವರ ಹೆಸರಿಲ್ಲ, ಪಡೆದವರ ಹೆಸರಿಲ್ಲ, ಯಾವ ಸೈಟು ಅಂತ ಇಲ್ಲ, ತಾರೀಖಿಲ್ಲ. ಆ ಬ್ರೋಕರ್ ಹಣವನ್ನು ಮಾಲೀಕರಿಗೆ ಕೊಟ್ಟೆ ಅನ್ನುತ್ತಾರೆ, ಮಾಲೀಕರು ಬಂದಿಲ್ಲ ಅನ್ನುತ್ತಾರೆ. ಆ ಚೀಟಿ ಇಟ್ಟುಕೊಂಡು ನಾವು ಯಾರ ಮೇಲೆ ಹೋಗಬೇಕು? ದಯವಿಟ್ಟು ಟೋಕನ್ ಹಣವನ್ನು ಬ್ಯಾಂಕಿನ ಮೂಲಕ, ನೇರವಾಗಿ ಮಾಲೀಕರ ಖಾತೆಗೆ ಹಾಕಿ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವಂತಿಲ್ಲ ಅಂತ ಆದಾಯ ತೆರಿಗೆ ಕಾನೂನೇ ಹೇಳುತ್ತದೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಆಸ್ತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಸ್ತಿ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಟ್ಟೆ ಅಂತ ಯಾರಾದರೂ ದಾವೆ ಹಾಕಿದರೆ, ಕೋರ್ಟು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ ಆದೇಶ ಕೊಟ್ಟಿತು. ಅಂದರೆ ನಗದು ಕೊಟ್ಟು ಮೋಸ ಹೋದವರು ಕೋರ್ಟಿಗೆ ಹೋಗಲೂ ಹೆದರಬೇಕಾದ ಸ್ಥಿತಿ.

ಸರಿ, ಮೋಸ ಆಗಿಹೋಗಿದೆ. ಯಾವ ಬಾಗಿಲು? ಮೊದಲು ನಿಮಗೆ ಏನು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ.

ಏಜೆಂಟರ ನೋಂದಣಿ ಹೋಗಬೇಕು, ದಂಡ ಬೀಳಬೇಕು, ಜೊತೆಗೆ ಬಿಲ್ಡರ್‌ನಿಂದ ಹಣ ಬೇಕು ಅಂದರೆ ರೇರಾ ಪ್ರಾಧಿಕಾರ. 31ನೇ ಸೆಕ್ಷನ್ ಅಡಿ ಬಿಲ್ಡರ್ ಮತ್ತು ಏಜೆಂಟ್ ಇಬ್ಬರ ಮೇಲೂ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಆದೇಶ ಒಪ್ಪಿಗೆ ಆಗದಿದ್ದರೆ 60 ದಿನದ ಒಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಒಂದು ಕಷ್ಟ ಹೇಳಿಬಿಡುತ್ತೇನೆ. ರೇರಾ ಆದೇಶದ ಹಣವನ್ನು ವಸೂಲಿ ಮಾಡುವುದು ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ, ಕಂದಾಯ ಇಲಾಖೆಯ ಮೂಲಕ. ಆದೇಶ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕಾದವರು ಇದ್ದಾರೆ. ಇದು ಸರಿಯಾಗಲೇಬೇಕು. ಗೆದ್ದವರನ್ನು ತಹಶೀಲ್ದಾರ್ ಕಚೇರಿ ಮೆಟ್ಟಿಲ ಮೇಲೆ ನಿಲ್ಲಿಸುವುದು ನ್ಯಾಯ ಅಲ್ಲ.

ಕಮಿಷನ್ ಕೊಟ್ಟಿದ್ದೀರಿ, ಸೇವೆ ಸರಿಯಾಗಿ ಸಿಗಲಿಲ್ಲ, ನಷ್ಟ ತುಂಬಿಕೊಡಬೇಕು ಅಂದರೆ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಮೈಸೂರಿನವರು ಮೈಸೂರಿನಲ್ಲೇ ಕೊಡಬಹುದು, ಆಸ್ತಿ ದೇವನಹಳ್ಳಿಯಲ್ಲಿದ್ದರೂ. ನೀವು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ. 5 ಲಕ್ಷದವರೆಗೆ ಶುಲ್ಕ ಇಲ್ಲ. ವಕೀಲರು ಇಲ್ಲದೆ ನೀವೇ ವಾದಿಸಬಹುದು. ಎರಡು ವರ್ಷದ ಒಳಗೆ ಹೋಗಬೇಕು, ಇದನ್ನು ಮರೆಯಬೇಡಿ. ಆಯೋಗದ ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಆಗಬಹುದು. ರೇರಾ ಇದೆ, ಅದಕ್ಕೆ ಇಲ್ಲಿಗೆ ಬರಬೇಡಿ ಅಂತ ಎದುರು ಪಾರ್ಟಿ ವಾದಿಸಿದರೆ ಹೆದರಬೇಡಿ. ಫ್ಲ್ಯಾಟ್ ಕೊಂಡವರು ಗ್ರಾಹಕ ಆಯೋಗಕ್ಕೂ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಏಜೆಂಟರಿಗೆ ನೀವು ಏನೂ ಕೊಟ್ಟಿಲ್ಲ ಅಂದರೆ, ಅವರ ಮೇಲೆ ಗ್ರಾಹಕ ಅಂತ ನಿಲ್ಲುವುದು ಕಷ್ಟ. ಆಗ ಹಣ ಪಡೆದ ಬಿಲ್ಡರ್ ಮೇಲೆ ಹೋಗಿ. ಇದಕ್ಕೇ ಕಮಿಷನ್ ಕೊಟ್ಟಾಗ ರಸೀದಿ ಪಡೆಯಿರಿ ಅನ್ನುವುದು.

ಕ್ರಯವನ್ನೇ ರದ್ದು ಮಾಡಿಸಬೇಕು, ಬ್ರೋಕರ್ ಹೊಡೆದ ಲಾಭ ವಾಪಸ್ ಬೇಕು ಅಂದರೆ ಸಿವಿಲ್ ಕೋರ್ಟು. ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ, ಮೋಸ ಗೊತ್ತಾದ ದಿನದಿಂದ ಲೆಕ್ಕ. ನಿಧಾನ ಆಗುತ್ತದೆ, ನಿಜ.

ಪೊಲೀಸ್ ದೂರು ಯಾವಾಗ? ಶುರುವಿನಿಂದಲೇ ಮೋಸ ಮಾಡುವ ಉದ್ದೇಶ ಇದ್ದಾಗ, ಖೋಟಾ ಕಾಗದ ತೋರಿಸಿದಾಗ, ನಿಮ್ಮ ಹಣ ನುಂಗಿದಾಗ. 2024ರ ಜುಲೈ 1ರಿಂದ ವಂಚನೆಗೆ ಇದ್ದ ಹಳೇ ದಂಡ ಸಂಹಿತೆಯ 420ನೇ ಸೆಕ್ಷನ್ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 318 ಬಂದಿದೆ. ನಂಬಿಕೆ ದ್ರೋಹಕ್ಕೆ 316. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂತ ಠಾಣೆಯಲ್ಲಿ ಹೇಳಿ ಕಳಿಸಿದರೆ, ದೂರನ್ನು ಬರಹದಲ್ಲಿ ಎಸ್‌ಪಿ ಅಥವಾ ಕಮಿಷನರ್‌ಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಆದರೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಅನ್ನುವುದು ಮಾತ್ರ ಇದ್ದರೆ ಅದು ವಂಚನೆ ಆಗುವುದಿಲ್ಲ. ಒತ್ತಡ ಹಾಕುವುದಕ್ಕೆ ಅಂತ ಪೊಲೀಸ್ ದೂರು ಕೊಟ್ಟರೆ ಹೈಕೋರ್ಟಿನಲ್ಲಿ ರದ್ದಾಗುವ ಸಾಧ್ಯತೆ ಜಾಸ್ತಿ.

ಹೊರದೇಶದಲ್ಲಿರುವ ನಿಮ್ಮ ಮಕ್ಕಳಿಗೆ ಇದನ್ನು ಹೇಳಿ. ಪವರ್ ಆಫ್ ಅಟಾರ್ನಿಯನ್ನು ಬ್ರೋಕರ್ ಹೆಸರಿಗೆ ಮಾಡಬೇಡಿ. ಅಕ್ಕನೋ ತಮ್ಮನೋ ಯಾರಾದರೂ ಮನೆಯವರ ಹೆಸರಿಗೆ ಮಾಡಿ, ಅದೂ ಒಂದೇ ಆಸ್ತಿಗೆ, ಒಂದೇ ಕೆಲಸಕ್ಕೆ.

ಕೊನೆಯಲ್ಲಿ ಸಭಿಕರಲ್ಲಿ ಒಬ್ಬರು ಕೇಳಿದರು: "ಮನೆ ತೋರಿಸಿದ ಬ್ರೋಕರ್ ಏನೂ ಮಾಡಲಿಲ್ಲ. ನಾವೇ ಮಾಲೀಕರ ಜೊತೆ ಮಾತಾಡಿ ಮುಗಿಸಿದೆವು. ಕಮಿಷನ್ ಕೊಡಬೇಕಾ?"

ಕೊಡಬೇಕಾಗಬಹುದು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿದ ಮೇಲೆಯೇ ಏಜೆಂಟರಿಗೆ ಹಣ ಅಂತ 219ನೇ ಸೆಕ್ಷನ್ ಹೇಳುತ್ತದೆ. ಒಪ್ಪಿಕೊಂಡ ಕೆಲಸ ಬರೀ ಪರಿಚಯ ಮಾಡಿಸುವುದಾಗಿದ್ದು, ಆ ಪರಿಚಯದಿಂದಲೇ ವ್ಯವಹಾರ ಕುದುರಿದ್ದರೆ ಅವರ ದುಡಿಮೆಯ ಹಣ ಅವರಿಗೆ ಸಲ್ಲಬೇಕು. ಪ್ರಾಮಾಣಿಕವಾಗಿ ಬಿಸಿಲಲ್ಲಿ ಸುತ್ತಿ ಮನೆ ತೋರಿಸುವ ಬ್ರೋಕರ್‌ಗಳೂ ಬೇಕಾದಷ್ಟಿದ್ದಾರೆ. ಅವರ ಕಮಿಷನ್ ಹೊಡೆಯುವವರೂ ಇದ್ದಾರೆ, ಅದೂ ಅನ್ಯಾಯವೇ. ಆದ್ದರಿಂದ ಮೊದಲ ಮನೆ ನೋಡಲು ಹೊರಡುವ ಮುಂಚೆ ಒಂದು ಮೆಸೇಜ್ ಕಳಿಸಿಬಿಡಿ. ನೀವು ನಮ್ಮ ಕಡೆಯಿಂದ ಕೆಲಸ ಮಾಡುತ್ತಿದ್ದೀರಾ, ಮಾಲೀಕರ ಕಡೆಯಿಂದಲೂ ತೆಗೆದುಕೊಳ್ಳುತ್ತೀರಾ, ಕಮಿಷನ್ ಎಷ್ಟು, ಯಾವಾಗ ಕೊಡಬೇಕು, ರಿಜಿಸ್ಟ್ರೇಷನ್ ಆಗದಿದ್ದರೆ ಏನು. ಇಷ್ಟೇ. ಅವರು "ಸರಿ" ಅಂತ ಉತ್ತರ ಕೊಟ್ಟ ಮೇಲೆ ಗಾಡಿ ಹತ್ತಿ.